ಇಲ್ಲದ ಊರಿಗೆ ಹೆಸರಿಡುವ ಕ್ರಮ: ನೆಲ, ಸಂಧಿ, ವಿಭಕ್ತಿ

ಫ್ಯಾಂಟಸಿ ಬರೆಯುವ ಹೊಸಬರ ಹಸ್ತಪ್ರತಿಗಳನ್ನು ಶಿವಮೊಗ್ಗದಲ್ಲಿ ಕೂತು ತಿದ್ದಿಕೊಡುವುದು ನನ್ನ ಕೆಲಸ. ಕಥೆ ಚೆನ್ನಾಗಿಯೇ ಇರುತ್ತದೆ, ಮಂತ್ರವಾದಿಯೂ ಚೆನ್ನಾಗಿರುತ್ತಾನೆ, ಊರಿನ ಹೆಸರು ಬಂದ ಕೂಡಲೇ ವಾಕ್ಯ ಮುಗ್ಗರಿಸುತ್ತದೆ. ‘ಅವನು ಝಿರಾಥ್‌ಅನ್ನು ಬಿಟ್ಟು ಹೊರಟ, ಝಿರಾಥಿನ ಕೋಟೆ ಹಿಂದೆ ಉಳಿಯಿತು, ಇನ್ನು ಝಿರಾಥ್‌ಗೆ ಮರಳುವುದಿಲ್ಲ ಎಂದುಕೊಂಡ.’ ಒಂದೇ ಸಾಲು, ಒಂದೇ ಊರು, ಪ್ರತ್ಯಯ ಹಚ್ಚಿದ ರೀತಿ ಮಾತ್ರ ಬೇರೆ ಬೇರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಸ್ವರ್ಣಪುರಿ, ರಜತಗಿರಿ, ವಜ್ರದುರ್ಗ ಎಂದು ಎಲ್ಲ ಊರುಗಳೂ ಕಂಪನಿ ನಾಟಕದ ಪರದೆಯಿಂದ ಇಳಿದು ಬಂದ ಹಾಗಿರುತ್ತವೆ.

ಎರಡಕ್ಕೂ ಕಾರಣ ಒಂದೇ. ಕೇಳಲು ಚೆಂದವಾದ ಹೆಸರನ್ನು ಮೊದಲು ಹುಟ್ಟಿಸಿ, ಆಮೇಲೆ ಅದಕ್ಕೊಂದು ನೆಲ ಹುಡುಕುತ್ತಾರೆ. ಕ್ರಮ ತಿರುಗುಮುರುಗಾಗಬೇಕು. ಮೊದಲು ನೆಲ, ಆಮೇಲೆ ಹೆಸರಿಟ್ಟ ಜನ, ಆಮೇಲೆ ಧ್ವನಿ, ಆಮೇಲೆ ಜೋಡಣೆ. ಕೊನೆಗೆ ವಿಭಕ್ತಿಯ ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗದ ಹೆಸರು ಎಷ್ಟೇ ಇಂಪಾಗಿದ್ದರೂ ನಕ್ಷೆಗೆ ಏರಬಾರದು.

ಬೇಕಾಗುವ ಸಾಮಗ್ರಿ

ಒಂದು ದೊಡ್ಡ ಹಾಳೆ, ಪೆನ್ಸಿಲ್, ಗೆರೆ ಹಾಕಿದ ನೋಟ್ ಪುಸ್ತಕ. ನಿಮಗೆ ಕಾಲಿನಿಂದ ಪರಿಚಯವಿರುವ ಒಂದು ಪ್ರದೇಶದ 1:50,000 ಅಳತೆಯ ಸರ್ವೆ ಆಫ್ ಇಂಡಿಯಾ ನಕ್ಷೆ. ಹಳೆಯ ರೂಪಗಳಿಗೆ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು. ಶಾಸನಗಳಲ್ಲಿ ಊರ ಹೆಸರು ಹೇಗೆ ಬರುತ್ತಿತ್ತೆಂದು ನೋಡಬೇಕಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದ 7 ಮತ್ತು 8ನೆಯ ಸಂಪುಟಗಳು. ಶಿವಮೊಗ್ಗ ಜಿಲ್ಲೆಯ ಶಾಸನಗಳು ಅವುಗಳಲ್ಲಿವೆ. ಮನೆಯಲ್ಲಿ ಜಮೀನಿನ ಪಹಣಿ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಎರಡನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹೆಸರು ಹುಟ್ಟಿಸಿಕೊಡುವ ಆ್ಯಪ್ ಬೇಡ. ನಾನು ನೋಡಿದವೆಲ್ಲ ಇಂಗ್ಲಿಷ್ ಕಿವಿಗೆಂದು ಮಾಡಿದವು. ಅವು ಕೊಟ್ಟ ಹೆಸರಿಗೆ ‘ಇಂದ’ ಹಚ್ಚಿ ನೋಡಿದರೆ ಸಾಕು, ಬಣ್ಣ ಬಯಲಾಗುತ್ತದೆ.

ಹಂತ 1: ನೀರು ಮೊದಲು, ಹೆಸರು ಆಮೇಲೆ

ಹಾಳೆಯ ಮೇಲೆ ಮೊದಲು ಹೊಳೆ, ಹಳ್ಳ, ಕೆರೆಗಳನ್ನು ಎಳೆಯಿರಿ. ಆಮೇಲೆ ಇಳಿಜಾರು. ಆಮೇಲೆ ಎಲ್ಲಿ ಗದ್ದೆ, ಎಲ್ಲಿ ಕಾಡು, ಎಲ್ಲಿ ಬರಿಯ ಹುಲ್ಲು. ಈ ಹಂತದಲ್ಲಿ ಒಂದು ಹೆಸರನ್ನೂ ಬರೆಯಬಾರದು. ‘ಎರಡು ಹೊಳೆ ಕೂಡುವ ಜಾಗ’, ‘ಎತ್ತು ಇಳಿಯಲಾರದ ಇಳಿಜಾರು’, ‘ಮಳೆಗಾಲದಲ್ಲಿ ದಾಟಲಾಗದ ಹಳ್ಳ’ ಎಂದು ಗುರುತು ಮಾತ್ರ ಹಾಕಿ.

ಈ ಗುರುತುಗಳಿಗೆ ಸ್ಥಳದ ಮಾತು ಬೇಕು. ಮಲೆನಾಡಿನಲ್ಲಿ ಅದಕ್ಕೆ ಬರವಿಲ್ಲ. ತಗ್ಗಿನ, ನೀರು ನಿಲ್ಲುವ ಗದ್ದೆಯ ಹರವು ಬೈಲು. ಮೇಲೆ, ಮಳೆಯನ್ನೇ ನಂಬಿದ ಗದ್ದೆ ಮಕ್ಕಿ. ಬಿಸಿಲು ನೆಲಕ್ಕೆ ಬೀಳದ ದಟ್ಟ ಕಾಡು ಕಾನು. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು ಸೊಪ್ಪಿನಬೆಟ್ಟ. ಹುಲ್ಲುಗಾವಲು ಬ್ಯಾಣ. ಹಳ್ಳಕ್ಕೆ ಅಡ್ಡ ಹಾಕಿದ ಮರದ ದಿಮ್ಮಿ ಕಾಲುಸಂಕ. ದೋಣಿ ದಾಟುವ ಜಾಗ ಕಡವು. ‘ಕಾಡು’ ಮತ್ತು ‘ಬೆಟ್ಟ’ ಎಂಬ ಎರಡೇ ಪದ ಇಟ್ಟುಕೊಂಡು ಹೊರಟವರ ನಕ್ಷೆಯಲ್ಲಿ ಹತ್ತನೆಯ ಊರಿನ ಹೊತ್ತಿಗೆ ಹೆಸರು ಬತ್ತಿಹೋಗುತ್ತದೆ.

ಶಿವಮೊಗ್ಗದಿಂದ ಆಗುಂಬೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಈ ಪಾಠ ಸಿಗುತ್ತದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆ. ಊರು, ಬೈಲು, ಗದ್ದೆ, ಹಳ್ಳಿ, ವಳ್ಳಿ ಎಂದು ಬಾಲಗಳು ಬದಲಾಗುತ್ತ ಹೋಗುತ್ತವೆ. ಹಳ್ಳಿಯೇ ಇನ್ನೊಂದು ಕಡೆ ವಳ್ಳಿಯಾಗಿದೆ. ಕೊನೆಯ ಆಗುಂಬೆ ಮಾತ್ರ ಬಿಡಿಸಲು ಹೋದವರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಿಮ್ಮ ನಕ್ಷೆಯಲ್ಲಿಯೂ ಹಾಗೆಯೇ ಇರಲಿ. ಬಹುಪಾಲು ಹೆಸರುಗಳ ಬಾಲ ಓದುಗನಿಗೆ ಅರ್ಥವಾಗಬೇಕು, ತಲೆ ಅರ್ಧ ಅರ್ಥವಾಗಬೇಕು, ಅಲ್ಲೊಂದು ಇಲ್ಲೊಂದು ಹೆಸರು ಏನೂ ಹೇಳದೆ ಸುಮ್ಮನಿರಬೇಕು.

ಮಲೆನಾಡಿನಂಥ ನೆಲವನ್ನು ಕಲ್ಪಿಸುವವರು ಇನ್ನೊಂದನ್ನು ಗಮನಿಸಬೇಕು. ಇಲ್ಲಿ ಊರೆಂದರೆ ಒತ್ತಾಗಿ ಕೂತ ಮನೆಗಳ ಸಾಲು ಆಗಬೇಕೆಂದಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಹೆಸರು, ಆ ಹೆಸರಿನಿಂದಲೇ ಒಳಗಿರುವವರನ್ನು ಗುರುತಿಸುವುದು. ಬಯಲುಸೀಮೆಯ ಊರಿನಂತೆ ಅಗಸೆಬಾಗಿಲು, ಕೋಟೆಗೋಡೆ ಕಟ್ಟಿ ಅದಕ್ಕೆ ‘ಮಕ್ಕಿ’ ಎಂದು ಹೆಸರಿಟ್ಟರೆ ಓದುಗನಿಗೆ ಎಲ್ಲೋ ಎಡವಟ್ಟಾಗಿದೆ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಹಂತ 2: ಹೆಸರಿಟ್ಟವರು ಯಾರು?

ಪ್ರತಿ ಗುರುತಿನ ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ: ಅಲ್ಲಿ ಉಳುವವರು ಇಟ್ಟ ಹೆಸರಾದರೆ ‘ಉ’, ಅರಮನೆ ಅಥವಾ ಮಠ ಇಟ್ಟದ್ದಾದರೆ ‘ಅ’, ಹೊರಗಿನಿಂದ ಬಂದು ಆಳಿದವರು ಇಟ್ಟದ್ದಾದರೆ ‘ಹ’. ಮೂರು ಪದರ ಸಾಕು. ನಾಲ್ಕನೆಯದು ಬಂದರೆ ಅದರ ಲೆಕ್ಕ ಇಡುವುದು ನಿಮಗೇ ಕಷ್ಟವಾಗುತ್ತದೆ.

ಪದರಗಳು ಹೇಗೆ ಒಂದರ ಮೇಲೊಂದು ಕೂರುತ್ತವೆ ಎಂಬುದಕ್ಕೆ ಬಿದನೂರು ಒಳ್ಳೆಯ ನಿದರ್ಶನ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ವಶಪಡಿಸಿಕೊಂಡು ಹೈದರ್‌ನಗರ ಎಂದು ಕರೆದ. ಜನ ಹೈದರನನ್ನು ಬಿಟ್ಟು ನಗರವನ್ನು ಮಾತ್ರ ಇಟ್ಟುಕೊಂಡರು. ಇವತ್ತಿಗೂ ಆ ಸಣ್ಣ ಊರಿನ ಹೆಸರು ಬರಿಯ ‘ನಗರ’. ಹತ್ತಿರದ ತಾಲ್ಲೂಕು ಕೇಂದ್ರ ಹೊಸನಗರ. ಯಾವ ಕಾದಂಬರಿಕಾರನೂ ಕೂತು ಯೋಚಿಸಿ ಇಂಥ ಹೆಸರು ಕಟ್ಟಲಾರ: ನಗರವಲ್ಲದ ನಗರ, ಅದರ ಪಕ್ಕಕ್ಕೆ ಇನ್ನೊಂದು ಹೊಸದು. ಅದೇ ಜಿಲ್ಲೆಯಲ್ಲಿ ಬೆಂಕಿಪುರ ಭದ್ರಾವತಿಯಾಯಿತು. ವೈಸ್‌ರಾಯ್ ರಿಪ್ಪನ್ ಹೆಸರಿನಲ್ಲಿ ರಿಪ್ಪನ್‌ಪೇಟೆ ಹುಟ್ಟಿತು. ಶಿವಮೊಗ್ಗದ ಇಂಗ್ಲಿಷ್ ರೂಪ 2014ರ ನವೆಂಬರ್ 1ರವರೆಗೆ ದಾಖಲೆಗಳಲ್ಲಿ ಬೇರೆಯೇ ಆಗಿತ್ತು, ಊರವರ ಬಾಯಲ್ಲಿ ಅದರಿಂದ ಏನೂ ಬದಲಾಗಿರಲಿಲ್ಲ.

ಹೊರಗಿನವರ ಪದರ ಊರ ಹೆಸರಿಗಿಂತ ಹೆಚ್ಚಾಗಿ ಕಚೇರಿಯ ಮಾತಿನಲ್ಲಿ ಉಳಿಯುತ್ತದೆ. ಪಹಣಿ ತೆಗೆದು ನೋಡಿ: ತಾಲ್ಲೂಕು, ಕಸಬಾ. ದೊಡ್ಡ ಗ್ರಾಮಕ್ಕೆ ಸೇರಿಸಿದ ಸಣ್ಣ ಊರು ಮಜರೆ. ಕಂದಾಯ ದಾಖಲೆಯಲ್ಲಿ ಹೆಸರಿದ್ದು ಒಬ್ಬ ಮನುಷ್ಯನೂ ವಾಸವಿಲ್ಲದ್ದು ಬೇಚರಾಕ್ ಗ್ರಾಮ. ಫ್ಯಾಂಟಸಿ ಬರೆಯುವವನಿಗೆ ಬೇಚರಾಕ್ ಗ್ರಾಮಕ್ಕಿಂತ ಒಳ್ಳೆಯ ವಸ್ತು ಯಾವುದಿದೆಯೋ ನನಗೆ ತಿಳಿಯದು, ಆದರೂ ಎಲ್ಲರೂ ‘ಶಾಪಗ್ರಸ್ತ ನಗರಿ’ಯನ್ನೇ ಬರೆಯುತ್ತಾರೆ.

ಹಂತ 3: ಯಾವ ಅಕ್ಷರ ಒಳಗೆ, ಯಾವುದು ಹೊರಗೆ

ಪದರಕ್ಕೊಂದು ಧ್ವನಿಪಟ್ಟಿ ಮಾಡಿ. ಉಳುವವರ ಪದರದ ಪಟ್ಟಿ ಚಿಕ್ಕದು. ಅಚ್ಚಕನ್ನಡ ಪದಗಳಲ್ಲಿ ಮಹಾಪ್ರಾಣವಿಲ್ಲ: ಖ, ಘ, ಝ, ಥ, ಧ, ಭ ಬರಬಾರದು. ಶ, ಷ ಬೇಡ, ಸ ಸಾಕು. ಪದದ ಮೊದಲಲ್ಲಿ ಒತ್ತಕ್ಷರ ಬೇಡ; ಣ, ಳ ಮೊದಲಲ್ಲಿ ಬರುವುದೇ ಇಲ್ಲ, ರ ಮತ್ತು ಲ ಬರುವುದು ತೀರ ಅಪರೂಪ. ಇಷ್ಟು ಪಾಲಿಸಿದರೆ ಸಾಕು, ನೀವು ಕಟ್ಟಿದ ಅರ್ಥವಿಲ್ಲದ ಹೆಸರೂ ಈ ನೆಲದ್ದೇ ಎಂಬಂತೆ ಕೇಳಿಸುತ್ತದೆ. ‘ಕುಮ್ಮಣಿಗೆ’, ‘ಎಳಂದೆ’, ‘ತೊಗರ್ಸೆ’ ಎಂಬ ಮೂರನ್ನು ಈಗ ತಾನೇ ಕಟ್ಟಿದೆ. ಅರ್ಥ ಕೇಳಬೇಡಿ, ದಾರಿ ಕೇಳಿದರೆ ಯಾರಾದರೂ ತೋರಿಸುವ ಹಾಗಿವೆ.

ಅರಮನೆಯ ಪದರದಲ್ಲಿ ಸಂಸ್ಕೃತ ಬರಲಿ, ಮಹಾಪ್ರಾಣವೂ ಬರಲಿ: ಪುರ, ಗಿರಿ, ಅದ್ರಿ, ದುರ್ಗ, ತೀರ್ಥ, ವತಿ. ಆದರೆ ಹತ್ತು ಊರಿಗೆ ಎರಡು ಇಂಥವು ಇದ್ದರೆ ಹೆಚ್ಚು. ಹೊರಗಿನವರ ಪದರಕ್ಕೆ ಒಂದೋ ಎರಡೋ ಧ್ವನಿಯನ್ನು ಮೀಸಲಿಡಿ, ಉದಾಹರಣೆಗೆ ಝ ಮತ್ತು ಫ. ಆ ಧ್ವನಿ ಕೇಳಿದ ಕೂಡಲೇ ಇದು ಗೆದ್ದವರು ಇಟ್ಟ ಹೆಸರು ಎಂದು ಓದುಗನ ಕಿವಿ ಹಿಡಿಯುತ್ತದೆ, ನೀವು ವಿವರಿಸಬೇಕಾಗಿಲ್ಲ.

ಹಂತ 4: ಜೋಡಣೆ

ಹೆಚ್ಚಿನ ಹಸ್ತಪ್ರತಿಗಳು ಬಿದ್ದುಹೋಗುವುದು ಇಲ್ಲಿ. ಬರೆಯುವವರು ಎರಡು ಪದವನ್ನು ಅಕ್ಕಪಕ್ಕ ಇಟ್ಟು ನಡುವಿನ ಜಾಗ ಅಳಿಸಿಬಿಡುತ್ತಾರೆ. ಕನ್ನಡದಲ್ಲಿ ಪದಗಳು ಹಾಗೆ ಸುಮ್ಮನೆ ಸೇರುವುದಿಲ್ಲ.

ಮೊದಲನೆಯ ದಾರಿ ಆದೇಶ ಸಂಧಿಯದು. ಎರಡನೆಯ ಪದದ ಮೊದಲಿನ ಕ, ತ, ಪ ಮೆತ್ತಗಾಗಿ ಗ, ದ, ಬ ಆಗುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾದ ಹಾಗೆ ಮಳೆ ಮತ್ತು ಕಾನು ಸೇರಿದರೆ ಮಳೆಗಾನು. ಗುಣವಾಚಕಗಳು ಇನ್ನೂ ಮೊಟಕಾಗುತ್ತವೆ. ಕೆಂಪು ‘ಕೆಂ’ ಆಗುತ್ತದೆ, ಆದ್ದರಿಂದ ಕೆಂಪು ಕಾನು ಕೆಂಗಾನು. ಹಿರಿದು ‘ಹೆ’ ಆಗಿ ಮುಂದಿನ ಅಕ್ಷರವನ್ನು ಇಮ್ಮಡಿಸುತ್ತದೆ: ಹೆಬ್ಬಾಗಿಲು, ಹೆಮ್ಮರ, ಹೆದ್ದೊರೆ. ಸಂಖ್ಯೆಗಳೂ ಹೀಗೆಯೇ. ಇಕ್ಕೇರಿಯನ್ನು ಎರಡು ಕೇರಿ ಎಂದು ಬಿಡಿಸುವುದು ರೂಢಿ. ನಿಮ್ಮ ಮೂರು ಕೆರೆಗಳ ಊರು ‘ಮೂರುಕೆರೆ’ ಆಗಬೇಕಾಗಿಲ್ಲ, ಮುಕ್ಕೆರೆ ಆಗಬಹುದು.

ಎರಡನೆಯ ದಾರಿ ಷಷ್ಠೀ ವಿಭಕ್ತಿಯದು. ಅರಸಿಯ ಕೆರೆ ಬಾಯಲ್ಲಿ ಉರುಳಿ ಅರಸೀಕೆರೆಯಾಯಿತು. ‘ಯ’ ಕರಗಿ ಸ್ವರ ಉದ್ದವಾಯಿತು, ‘ಕ’ ಮೆತ್ತಗಾಗದೆ ಉಳಿಯಿತು. ಅದಕ್ಕೇ ದಾವಣಗೆರೆಯಲ್ಲಿ ಗೆರೆ, ಅರಸೀಕೆರೆಯಲ್ಲಿ ಕೆರೆ. ಮಳೆಯ ಕೊಪ್ಪ ಈ ದಾರಿಯಲ್ಲಿ ಹೋದರೆ ಮಳೇಕೊಪ್ಪ. ವ್ಯಕ್ತಿಯ ಹೆಸರಾದರೆ ‘ನ’ ಉಳಿಯುತ್ತದೆ: ಲಿಂಗನಮಕ್ಕಿ. ನೀವು ಯಾವ ದಾರಿ ಹಿಡಿದರೂ ಸರಿ. ಆದರೆ ‘ಮಳೇಗೊಪ್ಪ’ ಎಂದು ಎರಡನ್ನೂ ಬೆರೆಸಿದರೆ ಕನ್ನಡದ ಕಿವಿ ಒಪ್ಪುವುದಿಲ್ಲ.

ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಜೋಡಿಸಿದರೆ ಅದು ಅರಿಸಮಾಸ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಯಂಥ ಕೆಲವು ಕಡೆ ಬಿಟ್ಟರೆ ಅದನ್ನು ಒಪ್ಪಲಿಲ್ಲ. ಊರುಗಳು ಕೇಶಿರಾಜನ ಮಾತು ಕೇಳಲಿಲ್ಲ. ತೀರ್ಥಹಳ್ಳಿ, ಹೊಸನಗರ, ಎಲ್ಲ ಕಡೆ ಬೆರಕೆಯೇ. ನನ್ನ ಸಲಹೆ ಹೀಗಿದೆ: ಕಥೆಯಲ್ಲಿ ಎರಡು ಪದರದ ಜನ ನಿಜವಾಗಿಯೂ ಎದುರುಬದುರಾದ ಜಾಗಕ್ಕೆ ಮಾತ್ರ ಬೆರಕೆ ಹೆಸರು ಕೊಡಿ. ತೀರ್ಥವನ್ನು ಮಠ ತಂದಿತು, ಹಳ್ಳಿ ಮೊದಲೇ ಇತ್ತು ಎಂಬ ಹಾಗೆ. ಕಾರಣವಿಲ್ಲದೆ ‘ಮಂಜುಪರ್ವತ’ ಎಂದು ಬರೆದರೆ ನೆಲದ ಮಾತಿನಲ್ಲಿ ಮಂಜುಬೆಟ್ಟವೂ ಆಗಲಿಲ್ಲ, ಅರಮನೆಯ ಮಾತಿನಲ್ಲಿ ತುಷಾರಾದ್ರಿಯೂ ಆಗಲಿಲ್ಲ.

ಹಂತ 5: ವಿಭಕ್ತಿಯ ಪರೀಕ್ಷೆ

ನೋಟ್ ಪುಸ್ತಕದಲ್ಲಿ ಪ್ರತಿ ಹೆಸರಿಗೂ ಒಂದು ಸಾಲು ಕೊಟ್ಟು ಅದರ ರೂಪಗಳನ್ನು ಬರೆಯಿರಿ: ಊರನ್ನು, ಊರಿನಿಂದ, ಊರಿಗೆ, ಊರಿನ, ಊರಿನಲ್ಲಿ. ಗಟ್ಟಿಯಾಗಿ ಓದಿ. ನಾಲಿಗೆ ಎಡವಿದರೆ ಹೆಸರು ಬದಲಾಗಬೇಕು, ಪ್ರತ್ಯಯ ಬದಲಾಗದು.

ಎಲ್ಲವೂ ಕೊನೆಯ ಸ್ವರದ ಮೇಲೆ ನಿಂತಿದೆ. ‘ಅ’ದಿಂದ ಮುಗಿಯುವ ಊರು ‘ಕ್ಕೆ’ ಮತ್ತು ‘ದ’ ತೆಗೆದುಕೊಳ್ಳುತ್ತದೆ: ಸಾಗರಕ್ಕೆ, ಸಾಗರದ, ಸಾಗರದಲ್ಲಿ. ‘ಅ’ದಿಂದ ಮುಗಿಯುವ ಗಂಡಸು ‘ನಿಗೆ’ ಮತ್ತು ‘ನ’ ತೆಗೆದುಕೊಳ್ಳುತ್ತಾನೆ. ಮುರುಡೇಶ್ವರಕ್ಕೆ ಹೋದೆವು, ಮುರುಡೇಶ್ವರನಿಗೆ ಪೂಜೆ ಮಾಡಿಸಿದೆವು. ಹೆಸರು ಅದೇ, ಊರು ಯಾವುದು, ದೇವರು ಯಾರು ಎಂದು ಪ್ರತ್ಯಯವೇ ಹೇಳಿತು. ಕೋಟೆಗೂ ಅದನ್ನು ಕಟ್ಟಿಸಿದ ರಾಜನಿಗೂ ಒಂದೇ ಹೆಸರಿಡಬೇಕೆಂದಿದ್ದರೆ ‘ಅ’ಕಾರಾಂತವನ್ನೇ ಆರಿಸಿಕೊಳ್ಳಿ.

‘ಇ’ ಮತ್ತು ‘ಎ’ಯಿಂದ ಮುಗಿಯುವ ಹೆಸರುಗಳು ಸರಳ: ಆಗುಂಬೆಗೆ, ಆಗುಂಬೆಯ, ಆಗುಂಬೆಯಲ್ಲಿ. ಅಪಾಯ ಒಂದೇ. ಇಲ್ಲಿ ಊರೂ ಹೆಂಗಸೂ ಒಂದೇ ಪ್ರತ್ಯಯ ತೆಗೆದುಕೊಳ್ಳುತ್ತಾರೆ. ‘ಭದ್ರಾವತಿಗೆ ಹೊತ್ತು ಮುಳುಗುವ ಮುಂಚೆ ಸುದ್ದಿ ಮುಟ್ಟಿತು’ ಎಂದರೆ ಪಟ್ಟಣವೋ ಪಾತ್ರವೋ ತಿಳಿಯದು. ನಾಯಕಿಯ ಹೆಸರು ಇಕಾರಾಂತವಾಗಿದ್ದರೆ ರಾಜಧಾನಿಯದು ಬೇರೆ ಸ್ವರದಿಂದ ಮುಗಿಯಲಿ.

‘ಉ’ದಿಂದ ಮುಗಿಯುವವು ಎರಡು ಬಗೆ. ಊರು, ಕಾಡು, ಕಲ್ಲುಗಳಲ್ಲಿ ಉಕಾರ ಬಿದ್ದುಹೋಗುತ್ತದೆ: ಕೋಣಂದೂರಿಗೆ, ಕೋಣಂದೂರಿನ. ಹಸು, ಗುರುಗಳಲ್ಲಿ ನಿಲ್ಲುತ್ತದೆ: ಹಸುವಿಗೆ, ಗುರುವಿನ. ನೀವು ‘ಎರಳು’ ಎಂಬ ಊರು ಕಟ್ಟಿದರೆ ಎರಳಿಗೆಯೋ 'ಎರಳುವಿಗೆ'ಯೋ ಎಂದು ನೀವೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಮೊದಲನೆಯದನ್ನೇ ಆರಿಸಿ. ಎರಡನೆಯದು ಊರಿಗೆ ಹೊಂದುವುದಿಲ್ಲ.

ವ್ಯಂಜನದಿಂದ ಮುಗಿಯುವ ಹೆಸರುಗಳೇ ದೊಡ್ಡ ತಲೆನೋವು. ಹೊಸಗನ್ನಡಕ್ಕೆ ಸ್ವರವಿಲ್ಲದೆ ಮಾತು ಮುಗಿಸುವ ಅಭ್ಯಾಸವಿಲ್ಲ. ಕಲ್ ಕಲ್ಲಾಯಿತು, ಬಸ್ ಬಸ್ಸಾಯಿತು, ಜೈಲ್ ಜೈಲಾಯಿತು. ನಕ್ಷೆಯಲ್ಲಿ ಕಾರ್ಗಲ್ ಎಂದೇ ಇರಲಿ, ವಾಕ್ಯದಲ್ಲಿ ಕಾರ್ಗಲ್ಲಿಗೆ, ಕಾರ್ಗಲ್ಲಿನ ಎಂದಾಗುತ್ತದೆ. ನಿಮ್ಮ ಝಿರಾಥನ್ನು ಉಳಿಸಿಕೊಳ್ಳಲೇಬೇಕೆಂದರೆ ಎರಡು ರೂಪ ಕೊಡಿ. ಗೆದ್ದವರ ಆಜ್ಞಾಪತ್ರದಲ್ಲಿ ಝಿರಾಥ್, ಊರವರ ಬಾಯಲ್ಲಿ ಜಿರಾತು. ಜಿರಾತಿಗೆ, ಜಿರಾತಿನಿಂದ ಎಂದು ವಾಕ್ಯ ಸಲೀಸಾಗಿ ಸಾಗುತ್ತದೆ, ಆಳುವವರಿಗೂ ಆಳಿಸಿಕೊಳ್ಳುವವರಿಗೂ ಇರುವ ದೂರವೂ ಕಾಣಿಸುತ್ತದೆ. ‘ಅನ್’ ಎಂದು ಮುಗಿಯುವ ಹೆಸರನ್ನು ಮಾತ್ರ ಮುಟ್ಟಲೇಬೇಡಿ. ‘ಮೊರ್ದನ್’ ಎಂಬ ಬೆಟ್ಟಕ್ಕೆ ಪ್ರತ್ಯಯ ಹಚ್ಚಿ ‘ಮೊರ್ದನಿಗೆ’ ಎಂದ ಕೂಡಲೇ ಅದು ಮೀಸೆ ಹೊತ್ತ ಗಂಡಸಾಗಿಬಿಡುತ್ತದೆ.

‘ಆ’ ಮತ್ತು ‘ಓ’ಗಳಿಂದ ಮುಗಿಯುವವು ಸಿರಿಯಾದಲ್ಲಿ, ಟೋಕಿಯೋದಲ್ಲಿ ಎಂಬ ಹಾಗೆ ಹೊರದೇಶದ ವಾಸನೆ ಹೊಡೆಯುತ್ತವೆ. ಅದು ಬೇಕಿದ್ದರೆ ಸರಿ. ಬೇಡವಾದರೆ ಸಂಸ್ಕೃತದ ‘ಆ’ಯನ್ನು ಕನ್ನಡದ ‘ಎ’ ಮಾಡಿ. ಗಂಗಾ ಗಂಗೆಯಾದಳು, ವರದಾ ವರದೆಯಾದಳು. ನದಿಯ ಲಿಂಗವನ್ನೂ ಇಲ್ಲಿಯೇ ನಿರ್ಧರಿಸಿ. ‘ತುಂಗೆ ತುಂಬಿ ಹರಿದಳು’ ಎನ್ನುವವರು ಬೇರೆ, ‘ಹೊಳೆ ಏರಿತು’ ಎನ್ನುವವರು ಬೇರೆ. ಪೂಜೆ ಮಾಡುವ ಪಾತ್ರ ‘ಹರಿದಳು’ ಎನ್ನಲಿ, ದೋಣಿ ನಡೆಸುವವನು ‘ಏರಿತು’ ಎನ್ನಲಿ. ನಿರೂಪಕ ಮಾತ್ರ ಎರಡರಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ಬಿಡಬಾರದು.

ಹಂತ 6: ಹೆಸರನ್ನು ಸವೆಸುವುದು

ಈಗ ಕಟ್ಟಿದ ಹೆಸರುಗಳೆಲ್ಲ ಹೊಸದಾಗಿ ಬಣ್ಣ ಹೊಡೆದ ಹಾಗಿರುತ್ತವೆ. ಕೆಲವನ್ನಾದರೂ ಹಳತು ಮಾಡಬೇಕು. ಕ್ರಮ ಹೀಗೆ: ಮೊದಲು ಹಳಗನ್ನಡದ ರೂಪ ಕಟ್ಟಿ, ಆಮೇಲೆ ಮುಂದಕ್ಕೆ ನಡೆಸಿ. ಇಂದಿನ ಹೆಸರಿನಿಂದ ಹಿಂದಕ್ಕೆ ಹೋದರೆ ತಪ್ಪುತ್ತೀರಿ.

ಒಂದನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಹಕ್ಕಿಗಳು ಇಳಿಯುವ ಒಂದು ತೊರೆ ಎಂದಿಟ್ಟುಕೊಳ್ಳಿ. ಹಳಗನ್ನಡದಲ್ಲಿ ಹಕ್ಕಿ ‘ಪಕ್ಕಿ’, ತೊರೆ ‘ತೊಱೆ’ (‘ಱ’ ಎಂಬುದು ಹಳಗನ್ನಡದಲ್ಲಿದ್ದ ಇನ್ನೊಂದು ಬಗೆಯ ರಕಾರ). ಆದೇಶ ಸಂಧಿಯಾಗಿ ಪಕ್ಕಿದೊಱೆ. ಕೃಷ್ಣಾ ನದಿಯನ್ನು ಪೆರ್ದೊಱೆ ಎನ್ನುತ್ತಿದ್ದುದು ಇದೇ ಜೋಡಣೆಯಲ್ಲಿ. ನಡುಗನ್ನಡದ ಹೊತ್ತಿಗೆ ಪದದ ಮೊದಲಿನ ‘ಪ’ ‘ಹ’ ಆಯಿತು, ‘ಱ’ ‘ರ’ದೊಳಗೆ ಸೇರಿಹೋಯಿತು. ಈಗ ಊರು ಹಕ್ಕಿದೊರೆ. ಇಲ್ಲಿ ಒಂದು ಮಜಾ ನಡೆಯುತ್ತದೆ. ‘ಱ’ ಇದ್ದಷ್ಟು ದಿನ ಹರಿಯುವ ದೊಱೆ ಬೇರೆ, ಆಳುವ ದೊರೆ ಬೇರೆ. ಅದು ಹೋದ ಮೇಲೆ ಎರಡೂ ಒಂದೇ. ತೊರೆ ಎಂದೋ ಬತ್ತಿದೆ, ಊರವರಿಗೆ ಕೇಳಿಸುವುದು ‘ಹಕ್ಕಿಗಳ ದೊರೆ’. ಅವನಿಗೊಂದು ಕಥೆ ಹುಟ್ಟುತ್ತದೆ, ಗುಡಿ ಏಳುತ್ತದೆ. ಅರಮನೆಯ ಪಂಡಿತ ಬಂದು ತಾಮ್ರಶಾಸನದಲ್ಲಿ ‘ಖಗರಾಜಪುರ’ ಎಂದು ಕೆತ್ತಿಸುತ್ತಾನೆ. ನಿಮ್ಮ ನಾಯಕಿ ಹಳೆಯ ಶಾಸನವೊಂದರಲ್ಲಿ ‘ಱ’ಕಾರ ಕಂಡು, ಇಲ್ಲಿ ರಾಜನೇ ಇರಲಿಲ್ಲ, ನೀರಿತ್ತು ಎಂದು ಕಂಡುಹಿಡಿದರೆ ಕಾದಂಬರಿಯ ಅರ್ಧ ಕೆಲಸ ಹೆಸರೇ ಮಾಡಿಕೊಟ್ಟ ಹಾಗಾಯಿತು.

ಇಂಥ ಜನಪದ ವಿವರಣೆಗಳನ್ನು ನಿಮ್ಮ ಲೋಕದಲ್ಲಿಯೂ ಒಂದಕ್ಕಿಂತ ಹೆಚ್ಚು ಇಡಿ. ಶಿವಮೊಗ್ಗಕ್ಕೇ ಶಿವಮುಖ ಎಂದೊಂದು, ಸಿಹಿಮೊಗೆ ಎಂದು ಇನ್ನೊಂದು ವಿವರಣೆ ಓಡಾಡುತ್ತವೆ. ಎರಡನ್ನೂ ನಂಬುವವರಿದ್ದಾರೆ, ಊರು ನಡೆಯುತ್ತಲೇ ಇದೆ.

ಕಾರಣ ಅಳಿದರೂ ಹೆಸರು ಅಳಿಯುವುದಿಲ್ಲ ಎಂಬುದನ್ನೂ ಬಳಸಿಕೊಳ್ಳಿ. ಶರಾವತಿಗೆ ಕಟ್ಟಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯನ್ನು ಲಿಂಗನಮಕ್ಕಿಯ ಹಿನ್ನೀರು 1964ರಲ್ಲಿ ನುಂಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮತ್ತೆ ತಲೆ ಎತ್ತುತ್ತದೆ. ಮಕ್ಕಿ ಎಂಬ ಒಣ ಗದ್ದೆಯ ಮಾತನ್ನು ಬಾಲದಲ್ಲಿ ಹೊತ್ತ ಲಿಂಗನಮಕ್ಕಿ ಇಂದು ದೊಡ್ಡ ಜಲಾಶಯದ ಹೆಸರು.

ಹಂತ 7: ಬಾಯಿಗೆ ಕೊಡುವುದು

ಊರಿನವರು ತಮ್ಮ ಊರಿನ ಹೆಸರನ್ನು ಅಷ್ಟಾಗಿ ಹೇಳುವುದಿಲ್ಲ. ಹತ್ತಿರದ ಪಟ್ಟಣ ಅವರಿಗೆ ‘ಪೇಟೆ’, ಕರಾವಳಿ ‘ಘಟ್ಟದ ಕೆಳಗೆ’. ಪ್ರತಿ ಸಂಭಾಷಣೆಯಲ್ಲಿಯೂ ಪೂರ್ತಿ ಹೆಸರು ಹೇಳಿಸುವುದು ಬರೆದವನಿಗೆ ಆ ಊರು ಹೊಸದೆಂಬುದರ ಗುರುತು. ನೋಡಿ:

‘ಎಲ್ಲಿಂದ ಬಂದಿರಿ ಹೆಗಡೇರೇ?’
‘ಮೇಲಿಂದಲೇ ಮಾರಾಯ. ದೋಣಿ ಇವತ್ತು ಹೋಗುತ್ತದೋ?’
‘ಖಗರಾಜಪುರಕ್ಕಾದರೆ ಇಲ್ಲ. ಹಕ್ಕಿದೊರೆಗಾದರೆ ಹತ್ತಿ.’

ದೋಣಿಯವನು ಕಚೇರಿಯ ಹೆಸರನ್ನು ಎಷ್ಟು ಲೆಕ್ಕಕ್ಕಿಟ್ಟಿದ್ದಾನೆಂದು ಇನ್ನು ಬಿಡಿಸಿ ಬರೆಯಬೇಕೆ?

ಜನರನ್ನು ಕರೆಯುವ ರೂಪವನ್ನೂ ಬರೆದಿಡಿ. ಸಾಗರದವರು, ತೀರ್ಥಹಳ್ಳಿಯವರು, ಕೋಣಂದೂರಿನವರು ಎಂಬುದು ಸಾಮಾನ್ಯ ದಾರಿ. ದೊಡ್ಡ ಸೀಮೆಗೆ ‘ಇಗ’ ಹೊಂದುತ್ತದೆ, ಮಲೆನಾಡಿಗ ಎಂಬ ಹಾಗೆ. ‘ಎಲ್ದೋರಿಯನ್ನರು’ ಎಂದು ಬರೆಯುವವರಿಗೆ ನಾನು ಕೆಂಪು ಶಾಯಿ ಬಳಸುತ್ತೇನೆ. ಇನ್ನೊಂದು ಸಣ್ಣ ವ್ಯತ್ಯಾಸ: ಶಿವಮೊಗ್ಗದಲ್ಲಿ ‘ಸಾಗರ ರಸ್ತೆ’ ಎಂದರೆ ಸಾಗರಕ್ಕೆ ಹೋಗುವ ರಸ್ತೆ, ‘ಸಾಗರದ ರಸ್ತೆ’ ಎಂದರೆ ಸಾಗರದೊಳಗಿನದು. ನಕ್ಷೆಯಲ್ಲಿ ದಾರಿಗಳಿಗೆ ಹೆಸರಿಡುವಾಗ ‘ದ’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೋಡಿಕೊಳ್ಳಿ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಊರಿನ ಹೆಸರಿಗೆ ಪ್ರತ್ಯಯ ಹಚ್ಚುವುದನ್ನು ತಪ್ಪಿಸಲು ನೀವು ಮತ್ತೆ ಮತ್ತೆ ‘ಎಂಬ ಊರಿಗೆ’, ‘ಎಂಬ ಊರಿನಲ್ಲಿ’ ಎಂದು ಬರೆಯುತ್ತಿದ್ದರೆ ಹೆಸರು ಕೆಟ್ಟಿದೆ. ಮೊದಲ ಸಲ ಬಿಟ್ಟರೆ ‘ಎಂಬ’ ಬೇಕಾಗಬಾರದು. ಒಂದೇ ಅಕ್ಷರದಿಂದ ಶುರುವಾಗಿ ಒಂದೇ ಬಾಲದಿಂದ ಮುಗಿಯುವ ಎರಡು ಊರುಗಳಿದ್ದರೆ ಓದುಗ ಗ್ಯಾರಂಟಿ ದಾರಿ ತಪ್ಪುತ್ತಾನೆ. ಎಲ್ಲ ಹೆಸರುಗಳಿಗೂ ಅರ್ಥವಿದ್ದು, ಆ ಅರ್ಥವೆಲ್ಲ ಕಥೆಯಲ್ಲಿ ನಿಜವಾಗಿದ್ದರೆ ಅದೂ ಸಂಶಯಕ್ಕೆ ಕಾರಣ. ಸಾಗರದಲ್ಲಿ ಸಮುದ್ರವಿಲ್ಲ.

ಕಟ್ಟಿದ ಹೆಸರು ಎಲ್ಲೋ ನಿಜವಾಗಿಯೂ ಇದೆಯೇ ಎಂದು ಹುಡುಕಿ. ಕರ್ನಾಟಕದಲ್ಲಿ 29 ಸಾವಿರಕ್ಕೂ ಹೆಚ್ಚು ಗ್ರಾಮಗಳಿವೆ ಎಂದು 2011ರ ಜನಗಣತಿ ಹೇಳುತ್ತದೆ, ಮಜರೆಗಳ ಹೆಸರು ಅದಕ್ಕೆ ಹೊರತು. ಹೆಸರು ತಾಳೆಯಾದರೆ ಗಾಬರಿ ಬೇಡ, ಆದರೆ ರಾಕ್ಷಸರ ಬೀಡಿಗೆ ಬೇರೆಯದನ್ನು ಕಟ್ಟಿ. ‘ಕೇರಿ’ಯನ್ನು ಬಳಸುವಾಗ ಎಚ್ಚರ. ನಿಜದ ಊರುಗಳಲ್ಲಿ ಕೇರಿಯ ಹೆಸರು ಬಹಳ ಸಲ ಜಾತಿಯ ಹೆಸರು.

ಹಂತ 8: ದಫ್ತರ

ಪ್ರತಿ ಹೆಸರಿಗೂ ಒಂದು ಪುಟ: ಇಂದಿನ ರೂಪ, ಹಳೆಯ ರೂಪ, ಕಚೇರಿಯ ರೂಪ, ಐದು ವಿಭಕ್ತಿ, ಜನರನ್ನು ಕರೆಯುವ ರೂಪ. ಶಿವಮೊಗ್ಗ ಮತ್ತು ಶಿವಮೊಗ್ಗೆ ಎಂಬಂಥ ಜೋಡಿ ರೂಪಗಳಿದ್ದರೆ ಒಂದನ್ನು ಹೊಡೆದುಹಾಕಿ. ಶಿವಮೊಗ್ಗಕ್ಕೆ ಹೋದವನು ಮುಂದಿನ ಪುಟದಲ್ಲಿ ಶಿವಮೊಗ್ಗೆಯಿಂದ ಬರಬಾರದು.

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಎರಡು ಮಾತು. ರಿಪ್ಪನ್‌ಪೇಟೆಯಂಥ ಹೆಸರಿನ ನಡುವೆ, ಅಕ್ಷರಗಳು ಒತ್ತಾಗದಂತೆ ತಡೆಯುವ ಒಂದು ಕಾಣದ ಗುರುತು ಇರುತ್ತದೆ. ಒಮ್ಮೆ ಅದನ್ನು ಹಾಕಿ ಇನ್ನೊಮ್ಮೆ ಬಿಟ್ಟರೆ ಕಣ್ಣಿಗೆ ‘ರಿಪ್ಪನ್ಪೇಟೆ’ ಕಾಣಿಸುತ್ತದೆ, ಹುಡುಕಾಟದಲ್ಲಿ ಎರಡೂ ಬೇರೆ ಬೇರೆ ಪದಗಳಾಗುತ್ತವೆ. ಸಾಧ್ಯವಾದರೆ ನಡುವೆ ಅರ್ಧಾಕ್ಷರ ನಿಲ್ಲುವ ಹೆಸರನ್ನೇ ಕಟ್ಟಬೇಡಿ. ಹಳಗನ್ನಡದ ‘ಱ’, ‘ೞ’ ಅಕ್ಷರಗಳನ್ನು ಬಳಸುವುದಾದರೆ ಮುದ್ರಕರ ಫಾಂಟಿನಲ್ಲಿ ಅವು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಪುಟ ತೆಗೆಸಿ ನೋಡಿ.

ಎರಡನೆಯದು ಹೆಸರು ಬದಲಿಸುವ ವಿಚಾರ. ಇಂಗ್ಲಿಷಿನಲ್ಲಿ ಒಂದು ಗುಂಡಿ ಒತ್ತಿದರೆ ಕಾದಂಬರಿಯುದ್ದಕ್ಕೂ ಊರಿನ ಹೆಸರು ಬದಲಾಗುತ್ತದೆ. ಕನ್ನಡದಲ್ಲಿ ಮಳೆಗದ್ದೆಯನ್ನು ಮಳೆಗಾನು ಎಂದು ಬದಲಿಸಲು ಹಾಗೆ ಮಾಡಿದರೆ ‘ಮಳೆಗಾನುಯಲ್ಲಿ’, ‘ಮಳೆಗಾನುಯಿಂದ’ ಎಂಬ ಕಸ ಪುಟಪುಟಕ್ಕೂ ಉದುರುತ್ತದೆ. ಬದಲಿಸಲೇಬೇಕಾದರೆ ಅದೇ ಸ್ವರದಿಂದ ಮುಗಿಯುವ ಹೆಸರನ್ನು ಆರಿಸಿ: ಮಳೆಗದ್ದೆ ಬೇಕಾದರೆ ಮಳೆಗಟ್ಟೆಯಾಗಲಿ. ಅದು ಆಗದಿದ್ದರೆ ದಫ್ತರದ ಪುಟ ತೆರೆದು, ಉದ್ದದ ರೂಪಗಳನ್ನು ಮೊದಲು, ಬರಿಯ ಹೆಸರನ್ನು ಕೊನೆಗೆ, ಒಂದೊಂದಾಗಿ ಬದಲಿಸುತ್ತ ಬನ್ನಿ. ಬರಿಯ ಹೆಸರನ್ನು ಮೊದಲು ಬದಲಿಸಿದರೆ ಉಳಿದ ರೂಪಗಳು ಹುಡುಕಿದರೂ ಸಿಗುವುದಿಲ್ಲ.